ಬಾಣಕ್ಕಿಂತ ಮುಂಚೆ ತಲುಪುವ ಸದ್ದು

ಚಿಗರಿ, ಅಂದರೆ ಕೃಷ್ಣಮೃಗ, ಹಿಡಿಯುವುದನ್ನೇ ಕಸುಬಾಗಿಸಿಕೊಂಡಿದ್ದ ಹರಣಶಿಕಾರಿಗಳು ಬಿಲ್ಲನ್ನು ನೆಚ್ಚಿದವರಲ್ಲ. ಕರ್ನಾಟಕದ ಪರಿಶಿಷ್ಟ ಪಂಗಡಗಳ ಪಟ್ಟಿಯಲ್ಲಿ ಪಾರ್ಧಿ, ಫಾನ್ಸೆ ಪಾರ್ಧಿಗಳ ಜೊತೆಗೇ ನಮೂದಾಗಿರುವ ಈ ಜನರ ಮುಖ್ಯ ಸಾಧನ ಉರುಳು. ಹಿಂಡು ಹಾಯುವ ಜಾಡಿನಲ್ಲಿ ಉರುಳಿನ ಸಾಲು ಹೂಡುವುದು, ಪಳಗಿದ ಎತ್ತಿನ ಮರೆಯಲ್ಲಿ ಮೆಲ್ಲಗೆ ಸರಿಯುತ್ತ ಹಿಂಡನ್ನು ಆ ಕಡೆಗೆ ತಿರುಗಿಸುವುದು, ಇಷ್ಟೇ ವಿದ್ಯೆ. ಎತ್ತು ಹತ್ತಿರ ಬಂದರೆ ಚಿಗರಿ ಒಮ್ಮೆ ತಲೆಯೆತ್ತಿ ನೋಡಿ ಮತ್ತೆ ಮೇವಿಗೆ ಬಾಯಿ ಹಾಕುತ್ತದೆ.

ಹುಕ್ಕೇರಿ ತಾಲ್ಲೂಕಿನ ಸಂಕೇಶ್ವರದಿಂದ ಹೆದ್ದಾರಿ ಹಿಡಿದರೆ ತಾಸೊಪ್ಪತ್ತಿನಲ್ಲಿ ಕೊಲ್ಹಾಪುರ. ಅಲ್ಲಿನ ಮಹಾರಾಜರು ಚಿಗರಿ ಬೇಟೆಗೆಂದೇ ಚೀತಾಗಳನ್ನು ಸಾಕಿದ್ದರು. ಇಲ್ಲಿನವು ಸಿಗದಾದಾಗ ಆಫ್ರಿಕಾದಿಂದ ತರಿಸಿದರು. ಭೂಮಿಯ ಮೇಲೆ ಅತಿ ವೇಗವಾಗಿ ಓಡುವ ಪ್ರಾಣಿಯನ್ನೂ ಬಯಲಿಗೆ ಒಯ್ಯುತ್ತಿದ್ದುದು ಎತ್ತಿನ ಗಾಡಿಯಲ್ಲಿ! ಗಾಡಿಯ ಗಾಲಿ ಕಿರುಗುಟ್ಟುವುದು ಯಾವ ಬಿಲ್ಲಿನ ಸದ್ದಿಗೂ ಕಡಿಮೆಯದಲ್ಲ. ಆದರೂ ಚಿಗರಿ ಬೆದರುತ್ತಿರಲಿಲ್ಲ, ಏಕೆಂದರೆ ಅದು ದಿನಾ ಕೇಳುವ ಸದ್ದು. ಬಿಲ್ಲುಗಾರರು ಸಾಮಾನ್ಯವಾಗಿ ಎಡವುವುದು ಈ ಲೆಕ್ಕದಲ್ಲೇ. ಅವರ ತಲೆಯಲ್ಲಿರುವುದು ಸದ್ದು ಎಷ್ಟು ದೊಡ್ಡದು ಎಂಬ ಚಿಂತೆ; ಪ್ರಾಣಿಗೆ ಬೇಕಾದದ್ದು ಅದು ಪರಿಚಿತವೋ ಅಲ್ಲವೋ ಎಂಬುದು.

ನಮ್ಮ ಪುರಾಣಗಳು ಬಿಲ್ಲುಗಾರನ ಕಿವಿಯನ್ನು ಹೊಗಳುತ್ತವೆ. ದಶರಥ ಕೊಡದಲ್ಲಿ ನೀರು ತುಂಬುವ ಸದ್ದು ಕೇಳಿ ಬಾಣ ಬಿಟ್ಟ, ಏಕಲವ್ಯ ಬೊಗಳುವ ನಾಯಿಯ ಬಾಯಿಗೆ ಬಾಣ ತುಂಬಿದ. ಜಿಂಕೆಯ ಕಿವಿಯ ಬಗ್ಗೆ ಬಿಲ್ಲುಗಾರರು ಮಾತಾಡುವುದನ್ನು ಕೇಳಬೇಕೆಂದರೆ ಮಾತ್ರ ಬಿಲ್ಲುಬೇಟೆ ಇಂದಿಗೂ ಕಾನೂನುಬದ್ಧವಾಗಿರುವ ಅಮೆರಿಕಕ್ಕೆ ಹೋಗಬೇಕು. ಅಲ್ಲಿನ ಬಿಳಿಬಾಲದ ಜಿಂಕೆಯ ಬೇಟೆಗಾರರಿಗೆ ಇದು ಮುಗಿಯದ ಹರಟೆ. ಗುರಿ ನೇರವಾಗಿಯೇ ಇತ್ತು, ಬಾಣ ಮಾತ್ರ ಬೆನ್ನ ಮೇಲಿಂದ ಹಾರಿ ಹೋಯಿತು ಎಂಬುದು ಪ್ರತಿ ಋತುವಿನ ಗೋಳು.

ನಡೆಯುವುದು ಇಷ್ಟು. ಹೆದೆ ಬಿಟ್ಟಾಗ ಏಳುವ ಸದ್ದು ಸೆಕೆಂಡಿಗೆ ಸುಮಾರು 345 ಮೀಟರ್ ಓಡುತ್ತದೆ. ರಾಟೆಗಳಿರುವ ಆಧುನಿಕ ಕಾಂಪೌಂಡ್ ಬಿಲ್ಲಿನ ಬಾಣದ ವೇಗ ಸೆಕೆಂಡಿಗೆ 85 ಮೀಟರ್ ಆಸುಪಾಸು. ಅಂದರೆ ಸದ್ದು ನಾಲ್ಕು ಪಟ್ಟು ಮುಂದೆ. ಕೇಳಿದೊಡನೆ ಜಿಂಕೆ ನೆಗೆಯುತ್ತದೆ ಎಂದೇ ಹೆಚ್ಚಿನವರು ಭಾವಿಸುತ್ತಾರೆ, ಆದರೆ ಮೊದಲು ಅದು ಕುಸಿಯುತ್ತದೆ. ಚಿಮ್ಮಿ ಓಡಬೇಕಾದರೆ ಕಾಲು ಮಡಿಸಲೇಬೇಕು. ಕಬಡ್ಡಿ ಆಟಗಾರ ಹಾರುವ ಮುನ್ನ ಮಂಡಿ ಬಗ್ಗಿಸುವಂತೆಯೇ ಇದೂ. ಬಾಣವನ್ನು ಕಂಡು ತಪ್ಪಿಸಿಕೊಳ್ಳುವ ಜಾಣತನವೇನೂ ಅದರಲ್ಲಿಲ್ಲ. ಓಟಕ್ಕೆ ಅಣಿಯಾಗುವ ಮೈ ಆಕಸ್ಮಿಕವಾಗಿ ಬಾಣದ ದಾರಿಯಿಂದ ಕೆಳಗಿಳಿಯುತ್ತದೆ.

ಎಷ್ಟು ಇಳಿಯುತ್ತದೆ? ಹೈಸ್ಕೂಲಿನ ಭೌತವಿಜ್ಞಾನ ಸಾಕು. ಕಾಲು ಸಡಿಲಿಸಿದ ಜಿಂಕೆ ಕೈಬಿಟ್ಟ ಕಲ್ಲಿಗಿಂತ ಬೇಗ ಕೆಳಗೆ ಬರಲಾರದು. ಸದ್ದು ಕಿವಿಗೆ ಬಿದ್ದು ಸ್ನಾಯು ಸಡಿಲಾಗಲು ಸೆಕೆಂಡಿನ ಹತ್ತನೇ ಒಂದು ಭಾಗ ಎಂದಿಟ್ಟುಕೊಂಡರೆ, 20 ಮೀಟರ್ ದೂರದಲ್ಲಿ ಬಾಣ ತಲುಪುವಷ್ಟರಲ್ಲಿ ಮೈ ಇಳಿಯುವುದು ಎರಡು ಮೂರು ಸೆಂಟಿಮೀಟರ್ ಮಾತ್ರ. 30 ಮೀಟರಿಗೆ ಅದು 13 ಸೆಂಟಿಮೀಟರ್ ದಾಟುತ್ತದೆ. 40 ಮೀಟರಿಗೆ 31. ದೂರ ದುಪ್ಪಟ್ಟಾದರೆ ಇಳಿತ ಹತ್ತು ಪಟ್ಟಿಗೂ ಮಿಕ್ಕು ಹೆಚ್ಚುತ್ತದೆ. ಬಾಣವನ್ನು ಸೆಕೆಂಡಿಗೆ 50 ಮೀಟರ್ ವೇಗದಲ್ಲಿ ಚಿಮ್ಮಿಸುವ ಹಳೆಯ ಮಾದರಿಯ ಮರದ ಬಿಲ್ಲಾದರೆ 20 ಮೀಟರಿನಲ್ಲೇ ಮೈ ಒಂದು ಗೇಣಿಗೂ ಹೆಚ್ಚು ಇಳಿದಿರುತ್ತದೆ. ಅಂಗಡಿಯವರು ವೇಗದ ಬಿಲ್ಲು ಮಾರಲು ಈ ಲೆಕ್ಕವನ್ನೇ ಬಳಸುತ್ತಾರೆ. ಲೆಕ್ಕ ಹೇಳುವುದು ಬೇರೆ: ಇನ್ನೂ ಹತ್ತು ಮೀಟರ್ ಹತ್ತಿರ ಹೋಗಲು ಕಲಿ, ಇಲ್ಲವೇ ಬಿಲ್ಲು ಇಳಿಸು.

ಹಾಗಾದರೆ ಗುರಿ ಎಲ್ಲಿ? ಅಡ್ಡಲಾಗಿ ನಿಂತ ಜಿಂಕೆಯ ಹೃದಯ ಎದೆಯ ತಳಭಾಗದಲ್ಲಿ, ಮುಂಗಾಲಿನ ಮೊಣಕೈಯ ಸಮೀಪದಲ್ಲಿದೆ. ಅದರ ಮೇಲೆ ಶ್ವಾಸಕೋಶ. ಅನುಭವಿಗಳು ಎದೆಯ ಕೆಳಗಿನ ಮೂರನೇ ಒಂದು ಭಾಗಕ್ಕೆ ಗುರಿಯಿಡುತ್ತಾರೆ. ಜಿಂಕೆ ಕದಲದಿದ್ದರೆ ಬಾಣ ಹೃದಯಕ್ಕೆ, ಕುಸಿದರೆ ಶ್ವಾಸಕೋಶಕ್ಕೆ; ಎರಡರಲ್ಲೂ ಪ್ರಾಣಿ ಹೆಚ್ಚು ನರಳದೆ ಬೇಗ ಸಾಯುತ್ತದೆ. ಎದೆಯ ನಡುವಿಗೆ ಗುರಿಯಿಟ್ಟರೆ ಕುಸಿದ ಜಿಂಕೆಯ ಬೆನ್ನ ಮೇಲ್ಭಾಗ ಸೀಳಿ, ಗಾಯಗೊಂಡ ಪ್ರಾಣಿ ಪೊದೆ ಸೇರುತ್ತದೆ. ಇನ್ನು ಕೆಲವರು ಕುಸಿತವನ್ನು ಮೊದಲೇ ಊಹಿಸಿ ಹೊಟ್ಟೆಯ ಕೆಳಗಿನ ಗಾಳಿಗೆ ಗುರಿಯಿಡುತ್ತಾರೆ. ಅದು ಬೇಟೆಯಲ್ಲ, ಜೂಜು. ಜಿಂಕೆ ಸುಮ್ಮನೆ ನಿಂತರೆ ಕಾಲಿಗೆ ಪೆಟ್ಟು.

ಸುಮ್ಮನೆ ನಿಲ್ಲುತ್ತದೆಯೋ ಇಲ್ಲವೋ ಎಂಬುದನ್ನು ಜಿಂಕೆ ಮೊದಲೇ ಸಾರಿರುತ್ತದೆ, ಓದಲು ಬರಬೇಕು. ತಲೆ ತಗ್ಗಿಸಿ, ಬಾಲ ಆಡಿಸುತ್ತ, ಎರಡು ಕಿವಿಯನ್ನೂ ಬೇರೆ ಬೇರೆ ದಿಕ್ಕಿಗೆ ಆರಾಮವಾಗಿ ಹೊರಳಿಸುತ್ತ ಮೇಯುವ ಜಿಂಕೆ ಅದೇ ಸದ್ದಿಗೆ ತಡವಾಗಿ ಅದುರುತ್ತದೆ, ಕೆಲವೊಮ್ಮೆ ಅದುರುವುದೇ ಇಲ್ಲ. ಕತ್ತು ನಿಮಿರಿಸಿ, ಎರಡೂ ಕಿವಿ ಒಂದೇ ಕಡೆ ನೆಟ್ಟು, ಮುಂಗಾಲಿನಿಂದ ನೆಲ ಗುದ್ದುವ ಜಿಂಕೆ ಆಗಲೇ ಅರ್ಧ ಓಡಿದೆ. ಮೇಯುವಂತೆ ತಲೆ ತಗ್ಗಿಸಿ ಥಟ್ಟನೆ ಎತ್ತಿ ನೋಡುವ ಕಪಟವೂ ಅದಕ್ಕೆ ಗೊತ್ತು. ನಡೆದು ಹೋಗುವ ಜಿಂಕೆಯನ್ನು ನಿಲ್ಲಿಸಲು ಬೇಟೆಗಾರರು ಬಾಯಿಂದ ಮರಿಯ ಕೂಗಿನಂಥ ಸದ್ದು ಮಾಡುವುದುಂಟು. ಜಿಂಕೆ ನಿಲ್ಲುತ್ತದೆ ನಿಜ, ಆದರೆ ಕಿವಿ ನಿಗುರಿಸಿಕೊಂಡು ನಿಲ್ಲುತ್ತದೆ. ಗುರಿಗೆ ಅನುಕೂಲ ಮಾಡಿಕೊಳ್ಳಲು ಹೋಗಿ ಕುಸಿತವನ್ನು ತಾವೇ ಆಹ್ವಾನಿಸಿದಂತೆ. ಹೆದೆಗೆ ರಬ್ಬರಿನ ಕುಚ್ಚು ಕಟ್ಟುವುದು, ಭಾರದ ಬಾಣ ಹೂಡಿ ಬಿಲ್ಲಿನ ಕಂಪನ ತಗ್ಗಿಸುವುದು ಒಳ್ಳೆಯದೇ. ಬಾಣವನ್ನು ಹಿಂದೆಳೆಯುವಾಗಿನ ಕಿರುಸದ್ದು, ಅಂಗಿಯ ಸರಪರ ಮಾತ್ರ ಎಷ್ಟೋ ಸಲ ಅದಕ್ಕೂ ಮುಂಚೆ ಕೆಲಸ ಕೆಡಿಸಿರುತ್ತದೆ.

ಗೋಕಾಕ ಸೀಮೆಯ ಓದುಗರಿಗೆ ಈ ಗುರಿಯ ಲೆಕ್ಕ ಬಿಲ್ಲಿಗೆ ಬೇಕಿಲ್ಲ, ಬಳಸುವಂತೆಯೂ ಇಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಚಿಗರಿ, ಚಿಂಕಾರಗಳೆರಡೂ ಒಂದನೇ ಅನುಸೂಚಿಯಲ್ಲಿವೆ. ಕೊಂದವರಿಗೆ 3ರಿಂದ 7 ವರ್ಷ ಜೈಲು. ಆಯುಧ ಕಸಿಯುವ ಕಾನೂನೆಂದರೆ ಈ ಭಾಗದ ಜನರಿಗೆ ಹಲಗಲಿ ನೆನಪಾಗುತ್ತದೆ. ಮೂಡಲಗಿಯಿಂದ ಮೂಡಣಕ್ಕೆ, ಮುಧೋಳ ತಾಲ್ಲೂಕಿನ ಆ ಊರಿನ ಬೇಡರು 1857ರ ನವೆಂಬರಿನಲ್ಲಿ ಆಯುಧ ಒಪ್ಪಿಸದೆ ಇಂಗ್ಲಿಷರೊಡನೆ ಕಾದಾಡಿದರು, 19 ಮಂದಿ ಗಲ್ಲಿಗೇರಿದರು. ಅವರ ಲಾವಣಿಯನ್ನು ಸಂಗ್ರಹಿಸಿ ಅಚ್ಚು ಹಾಕಿಸಿದವನು ಇಂಗ್ಲಿಷ್ ಅಧಿಕಾರಿ ಫ್ಲೀಟ್ ಎಂಬುದು ಚರಿತ್ರೆಯ ತಮಾಷೆ. ಆಯುಧ ಒಪ್ಪಿಸಬೇಕೆಂಬ 1857ರ ಅಪ್ಪಣೆ ಆಳುವವರ ಭಯದಿಂದ ಹುಟ್ಟಿದ್ದು. 1972ರದ್ದು ಉಳಿದಷ್ಟಾದರೂ ಪ್ರಾಣಿಗಳು ಉಳಿಯಲೆಂದು ಬಂದದ್ದು. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವ ಶಿಕಾರಿ ಶೋಕಿಯವರ ವಾದಕ್ಕೆ ಹುರುಳಿಲ್ಲ.

ಬೀಳಗಿ, ಮುಧೋಳ ತಾಲ್ಲೂಕುಗಳ ಕುರುಚಲು ಗುಡ್ಡಗಳಲ್ಲಿ 2016ರಲ್ಲಿ ಯಡಹಳ್ಳಿ ಚಿಂಕಾರ ವನ್ಯಧಾಮ ಘೋಷಣೆಯಾಯಿತು, ವಿಸ್ತಾರ ಸುಮಾರು 96 ಚದರ ಕಿಲೋಮೀಟರ್. ಇತ್ತ ಗೋಕಾಕ ತಾಲ್ಲೂಕಿನ ಧುಪದಾಳದಲ್ಲಿ ಘಟಪ್ರಭಾ ಪಕ್ಷಿಧಾಮ. ಎರಡಕ್ಕೂ ಕ್ಯಾಮೆರಾ ಹೊತ್ತು ಹೋಗುವವರಿಗೆ ಬಿಲ್ಲುಗಾರನ ಪಾಠ ನೇರವಾಗಿ ಅನ್ವಯಿಸುತ್ತದೆ. ಹಳೆಯ ಡಿಎಸ್‌ಎಲ್‌ಆರ್ ಕ್ಯಾಮೆರಾದೊಳಗಿನ ಕನ್ನಡಿ ಪ್ರತಿ ಚಿತ್ರಕ್ಕೂ ಫಟ್ಟೆಂದು ಮೇಲೆ ಬಡಿಯುತ್ತದೆ. ಮೊದಲ ಚಿತ್ರದಲ್ಲಿ ಚಿಂಕಾರ ಮೇಯುತ್ತಿರುತ್ತದೆ, ಎರಡನೆಯದರಲ್ಲಿ ಕಿವಿ ನಿಗುರಿರುತ್ತದೆ, ಮೂರನೆಯದರಲ್ಲಿ ಕಾಲು ಮಡಿದಿರುತ್ತದೆ, ನಾಲ್ಕನೆಯದರಲ್ಲಿ ಬರೀ ಜಾಲಿ ಗಿಡ. ಅಲ್ಲೂ ದೂರ, ಪ್ರಾಣಿಯ ಮನಃಸ್ಥಿತಿಗಳೇ ಮುಖ್ಯ. ಅದೇ ಫಟ್ಟೆಂಬ ಸದ್ದು ನಿಶ್ಶಬ್ದ ಬಯಲಿನಲ್ಲಿ ಬೆಚ್ಚಿಬೀಳಿಸುತ್ತದೆ, ರಸ್ತೆ ಪಕ್ಕದಲ್ಲಿ ಟ್ರ್ಯಾಕ್ಟರ್ ಹಾಯುವಾಗ ಗಮನಕ್ಕೇ ಬರುವುದಿಲ್ಲ.

ಕನ್ನಡಿಯಿಲ್ಲದ ಹೊಸ ಕ್ಯಾಮೆರಾಗಳಲ್ಲಿ ಸದ್ದೇ ಮಾಡದ ಎಲೆಕ್ಟ್ರಾನಿಕ್ ಶಟರ್ ಇದೆ. ಮೇಯುವ ಪ್ರಾಣಿಗೆ ಅದೇ ಸರಿ. ಆದರೆ ಬಹುಪಾಲು ಮಾದರಿಗಳಲ್ಲಿ ಅದು ಚಿತ್ರವನ್ನು ಮೇಲಿಂದ ಕೆಳಕ್ಕೆ ಸಾಲು ಸಾಲಾಗಿ ಓದುವುದರಿಂದ, ಓಡುವ ಚಿಗರಿಯ ಕಾಲು ಚಿತ್ರದಲ್ಲಿ ಓರೆಯಾಗಿ ಬಾಗುತ್ತದೆ. ಹಿಂಡು ಓಟಕ್ಕೆ ಬಿದ್ದ ಮೇಲೆ ಸದ್ದಿನ ಶಟರಿಗೆ ಬದಲಿಸಿಕೊಳ್ಳಬಹುದು. ಆಗ ಅದನ್ನು ಕೇಳಿ ಬೆದರಲು ಬಾಕಿ ಉಳಿದದ್ದು ಯಾವುದೂ ಇರುವುದಿಲ್ಲ.