ದುಂಬಿಯ ಲಕ್ಷಣವೂ ಕನ್ನಡ ಗದ್ಯವೂ

ಘುಣಾಕ್ಷರನ್ಯಾಯವು ನಮ್ಮ ಪಂಡಿತರಿಗೆಲ್ಲ ಚಿರಪರಿಚಿತವಾದುದು. ಮರವನ್ನು ಕೊರೆದು ತಿನ್ನುವ ಹುಳುವಿನ ಜಾಡು ಒಮ್ಮೊಮ್ಮೆ ಅಕ್ಷರದ ಆಕಾರವನ್ನು ತಾಳುವುದುಂಟು. ಆದರೆ ಹುಳುವು ಬರೆಯಬೇಕೆಂದು ಬರೆದುದಲ್ಲ. ಉದ್ದೇಶವಿಲ್ಲದೆ ಸಿದ್ಧಿಸಿದ ಫಲಕ್ಕೆ ಈ ನ್ಯಾಯವನ್ನು ಉದಾಹರಿಸುವುದು ವಾಡಿಕೆ. ಘುಣವನ್ನು ಇಷ್ಟು ಕಾಲ ದೃಷ್ಟಾಂತಕ್ಕೆ ಮಾತ್ರ ಕರೆದುಕೊಂಡು ಬಂದ ನಾವು, ಆ ಹುಳುವಿನ ಅಂಗಾಂಗಗಳನ್ನು ಕನ್ನಡದಲ್ಲಿ ಹೇಳಹೊರಟರೆ, ನಮ್ಮ ಬರೆಹವೂ ಘುಣಾಕ್ಷರವಾಗಿಯೇ ಉಳಿಯುವುದೋ, ಬುದ್ಧಿಪೂರ್ವಕವಾದ ಶಾಸ್ತ್ರಗದ್ಯವಾಗುವುದೋ? ಪ್ರಕೃತ ಲೇಖನದಲ್ಲಿ ವಿಚಾರಿಸತಕ್ಕ ವಿಷಯವು ಇಷ್ಟೇ.

ಮರ ಕೊರೆಯುವ ಹುಳುಗಳಲ್ಲಿ ಬಹುದೊಡ್ಡದಾದ ಒಂದು ಕುಲವು ನೀಳಮೀಸೆಯ ದುಂಬಿಗಳದು. ಜಗತ್ತಿನಲ್ಲಿ ಇದುವರೆಗೆ ಹೆಸರು ಪಡೆದಿರುವ ಇವುಗಳ ಜಾತಿಗಳು ೩೫,೦೦೦ಕ್ಕೂ ಮಿಗಿಲು. ಹೊಸ ಜಾತಿಗಳು ಈಗಲೂ ವರ್ಷವರ್ಷವೂ ಬೆಳಕಿಗೆ ಬರುತ್ತಿರುತ್ತವೆ. ಹೊಸದೊಂದು ದೊರೆತಾಗ ಶಾಸ್ತ್ರಜ್ಞನು ಮಾಡುವುದೇನು? ಅದಕ್ಕೊಂದು ಹೆಸರಿಡುತ್ತಾನೆ, ಅದನ್ನು ಅದರ ಸಮೀಪದ ಜಾತಿಗಳಿಂದ ಬೇರ್ಪಡಿಸುವ ಗುಣಗಳನ್ನು ಕೆಲವೇ ವಾಕ್ಯಗಳಲ್ಲಿ ಹೇಳುತ್ತಾನೆ, ಆಮೇಲೆ ತಲೆಯಿಂದ ಮೊದಲುಗೊಂಡು ಹೊಟ್ಟೆಯ ತುದಿಯವರೆಗೆ ಅಂಗಾಂಗಗಳನ್ನು ಕ್ರಮವಾಗಿ ವಿವರಿಸುತ್ತಾನೆ. ಕೊನೆಯಲ್ಲಿ ಅಳತೆ, ದೊರೆತ ಸ್ಥಳ, ಮಾದರಿಯಾದ ಒಂದು ದುಂಬಿಯನ್ನು ಇರಿಸಿದ ಭಾಂಡಾರ, ಇವುಗಳನ್ನು ನಮೂದಿಸುತ್ತಾನೆ. ಇದು ವಾಙ್ಮಯದ ಒಂದು ಪ್ರಕಾರವೇ ಸರಿ. ಇದಕ್ಕೆ ನಿಯಮಗಳುಂಟು, ಗುಣದೋಷಗಳುಂಟು. ಆದುದರಿಂದ ವಿಮರ್ಶೆಗೂ ಎಡೆಯುಂಟು.

ಈ ಪ್ರಕಾರದ ಎರಡು ಭಾಗಗಳಿಗೂ ನಮ್ಮ ಶಾಸ್ತ್ರಗಳಲ್ಲಿ ಹಳೆಯ ಹೆಸರುಗಳಿವೆ. ಬೇರ್ಪಡಿಸುವ ವಾಕ್ಯವು ಲಕ್ಷಣ. ಅಂಗಾಂಗಗಳ ವಿವರಣೆಯು ಸ್ವಭಾವೋಕ್ತಿ. ದಂಡಿಯು ತನ್ನ ಕಾವ್ಯಾದರ್ಶದಲ್ಲಿ ಅರ್ಥಾಲಂಕಾರಗಳ ಮೊದಲಲ್ಲಿಯೇ ಸ್ವಭಾವೋಕ್ತಿಯನ್ನಿರಿಸಿ, ಅದನ್ನು ಜಾತಿ, ಕ್ರಿಯೆ, ಗುಣ, ದ್ರವ್ಯಗಳೆಂದು ವಿಭಾಗಿಸಿದನು. ಶಾಸ್ತ್ರಗಳಲ್ಲಿ ಆಳುವುದು ಇದೇ ಎಂದೂ ಒಪ್ಪಿಕೊಂಡನು. ಕುಂತಕನಾದರೋ ವಸ್ತುವಿನ ಸ್ವಭಾವವು ಅಲಂಕರಿಸಲ್ಪಡತಕ್ಕ ಮೈಯೇ ಹೊರತು ಆಭರಣವಲ್ಲವೆಂದು ವಾದಿಸಿದನು. ದುಂಬಿಯನ್ನು ವರ್ಣಿಸುವವನಿಗೆ ಕುಂತಕನ ಎಚ್ಚರಿಕೆಯು ಹೆಚ್ಚು ಉಪಯುಕ್ತ. ಆತನ ಕೆಲಸವು ಮೈಯನ್ನು ತೋರಿಸುವುದು, ತೊಡವನ್ನು ತೊಡಿಸುವುದಲ್ಲ.

ಲಕ್ಷಣಕ್ಕೆ ನೈಯಾಯಿಕರು ಮೂರು ದೋಷಗಳನ್ನು ಹೇಳಿದ್ದಾರೆ. ಹಸುವೆಂದರೆ ಕಪಿಲವರ್ಣದ ಪ್ರಾಣಿಯೆಂದರೆ ಅವ್ಯಾಪ್ತಿ, ಏಕೆಂದರೆ ಬಿಳಿಯ ಹಸು ಹೊರಗುಳಿಯಿತು. ಕೋಡುಳ್ಳ ಪ್ರಾಣಿಯೆಂದರೆ ಅತಿವ್ಯಾಪ್ತಿ, ಏಕೆಂದರೆ ಎಮ್ಮೆಯೂ ಒಳಹೊಕ್ಕಿತು. ಒಂಟಿಗೊರಸಿನ ಪ್ರಾಣಿಯೆಂದರೆ ಅಸಂಭವ. ಗಂಗೆದೊಗಲುಳ್ಳದ್ದೆಂದರೆ ಲಕ್ಷಣವು ಸಿದ್ಧಿಸಿತು. ಈ ಒರೆಗಲ್ಲಿಗೆ ನಮ್ಮ ದುಂಬಿಯನ್ನು ಹಚ್ಚಿ ನೋಡೋಣ.

‘ನೀಳಮೀಸೆಯದು’ ಎಂಬ ಹೆಸರೇ ಮೊದಲು ಸೋಲುತ್ತದೆ. ಕೊಡಗು, ಚಿಕ್ಕಮಗಳೂರುಗಳ ಕಾಫಿ ತೋಟಗಳನ್ನು ಒಂದೂವರೆ ಶತಮಾನದಿಂದ ಕಾಡುತ್ತಿರುವ ಬಿಳಿ ಕಾಂಡಕೊರಕವು ಇದೇ ಕುಲದ್ದು; ಅದರ ಮೀಸೆಯಾದರೋ ಮೈಯುದ್ದಕ್ಕಿಂತ ಬಹಳ ಮೋಟು. ಇದು ಅವ್ಯಾಪ್ತಿ. ಹಸುರು ಮಿಡತೆಗಳಲ್ಲಿ ಹಲವಕ್ಕೆ ಮೈಯನ್ನು ಮೀರಿದ ಮೀಸೆಗಳುಂಟು, ಇದು ಅತಿವ್ಯಾಪ್ತಿ. ಪಾದವನ್ನು ಹಿಡಿದು ಲಕ್ಷಣ ಹೇಳೋಣವೆಂದರೆ, ಈ ಕುಲದ ಪಾದದಲ್ಲಿ ತೋರುವ ಗೆಣ್ಣುಗಳು ನಾಲ್ಕು, ಇರುವುವು ಐದು. ನಾಲ್ಕನೆಯದು ಅತಿಸಣ್ಣದಾಗಿ, ಸೀಳಿದ ಮೂರನೆಯ ಗೆಣ್ಣಿನ ಎರಡು ಹಾಳೆಗಳ ನಡುವೆ ಅಡಗಿರುತ್ತದೆ. ಲಕ್ಷಣವು ಸೊಗಸಾದುದೇ, ಆದರೆ ಎಲೆ ತಿನ್ನುವ ದುಂಬಿಗಳ ಕುಲಕ್ಕೂ ಇದೇ ಬಗೆಯ ಪಾದವಿರುವುದರಿಂದ ಮತ್ತೆ ಅತಿವ್ಯಾಪ್ತಿ. ಇಂತಿರಲು ಗಂಗೆದೊಗಲಿನಂಥ ಒಂದೇ ಗುರುತು ಈ ಕುಲಕ್ಕೆ ದೊರೆಯದು. ಮೀಸೆಯ ಬುಡವು ಉಬ್ಬಿನ ಮೇಲೆ ನಿಂತಿರುವುದು, ಕಣ್ಣು ಆ ಬುಡವನ್ನು ಬಳಸಿ ಬಾಗಿರುವುದು, ಪಾದದ ಗುಪ್ತವಾದ ಗೆಣ್ಣು, ಮರಿಹುಳುವು ಮರದೊಳಗೆ ಬಾಳುವುದು, ಹೀಗೆ ಹಲವು ಗುಣಗಳ ಸಮುದಾಯವೇ ಇಲ್ಲಿ ಲಕ್ಷಣವಾಗಬೇಕು. ಒಂದೊಂದು ಗುಣಕ್ಕೂ ಅಪವಾದವಿರಬಹುದು. ಸಮುದಾಯವು ಮಾತ್ರ ಮೋಸಮಾಡದು.

ಹೆಸರಿನ ವಿಷಯದಲ್ಲಿ ಇನ್ನೊಂದು ಮಾತು. ಕಾಫಿಯ ಈ ಕೊರಕಕ್ಕೆ ಫ್ರಾನ್ಸಿನ ಶೆವ್ರೊಲಾ ಎಂಬವರು ೧೮೬೩ರಲ್ಲಿ ‘ಕ್ಸೈಲೊಟ್ರೆಕಸ್ ಕ್ವಾಡ್ರಿಪೀಸ್’ ಎಂದು ಹೆಸರಿಟ್ಟರು. ಇದರ ಉತ್ತರಪದಕ್ಕೆ ನಾಲ್ಕು ಕಾಲಿನದೆಂದು ಅರ್ಥ. ಆರು ಕಾಲಿನ ಕೀಟಕ್ಕೆ ನಾಲ್ಕು ಕಾಲಿನ ಹೆಸರು! ಅಕ್ಷರಾರ್ಥವನ್ನು ಹಿಡಿದವನಿಗೆ ಇದು ಅಸಂಭವದೋಷವಾಗಿ ಕಾಣುವುದು. ಆದರೂ ಪ್ರಾಣಿನಾಮಗಳ ಅಂತರರಾಷ್ಟ್ರೀಯ ನಿಯಮಾವಳಿಯು ಅರ್ಥವು ಹೊಂದದೆಂಬ ಕಾರಣದಿಂದ ಹೆಸರನ್ನು ತಳ್ಳಿಹಾಕಗೊಡದು. ಯೋಗಕ್ಕಿಂತ ರೂಢಿಯು ಬಲವತ್ತರವೆಂದು ನಮ್ಮ ಮೀಮಾಂಸಕರು ಹೇಳಿದುದನ್ನೇ ಕೀಟಶಾಸ್ತ್ರವೂ ಒಪ್ಪಿಕೊಂಡಂತಾಯಿತು. ಹೆಸರು ಕೂಗಿ ಕರೆಯುವುದಕ್ಕೆ; ಗುರುತು ಹಿಡಿಯುವುದಕ್ಕೆ ಲಕ್ಷಣವೇ ಬೇಕು. ಈ ವಿವೇಕವು ಕನ್ನಡಿಗರಿಗೂ ಅವಶ್ಯ. ನಮ್ಮ ಕಾವ್ಯಗಳಲ್ಲಿ ದುಂಬಿಯು ತಾವರೆಯ ಮಕರಂದವನ್ನು ಹೀರುವ ಭ್ರಮರ. ಇಂದಿನ ಕೃಷಿಗ್ರಂಥಗಳಲ್ಲಿ ಅದು ಗಟ್ಟಿರೆಕ್ಕೆಯ ಕೀಟ. ಎರಡನ್ನೂ ಓದಿಸಬೇಕಾದ ಉಪಾಧ್ಯಾಯನು ಈ ಅರ್ಥಭೇದವನ್ನು ಮೊದಲೇ ಬಿಡಿಸಿ ಹೇಳದಿದ್ದರೆ, ವಿದ್ಯಾರ್ಥಿಯು ಕಾಂಡಕೊರಕವನ್ನು ತಾವರೆಯಲ್ಲಿ ಹುಡುಕಿಯಾನು.

ಈ ಪ್ರಾಂತದ ದುಂಬಿಗಳ ವರ್ಣನೆಯು ಇದುವರೆಗೆ ಪರಭಾಷೆಯಲ್ಲಿಯೇ ನಡೆದುಬಂದಿದೆ. ಅರಣ್ಯಾಧಿಕಾರಿಯಾಗಿ ಧಾರವಾಡಕ್ಕೆ ಬಂದು, ಮುಂದೆ ಕಾರವಾರದಲ್ಲಿ ನೆಲೆಸಿ, ೧೯೪೮ರಲ್ಲಿ ತೀರಿಕೊಂಡ ಟಿ. ಆರ್. ಬೆಲ್ ಅವರು ಉತ್ತರ ಕನ್ನಡದ ಕಾಡುಗಳಲ್ಲಿ ಕೀಟಸಂಗ್ರಹವನ್ನು ಬಹುಕಾಲ ನಡೆಯಿಸಿದರು. ಡೇವಿಡ್‌ಸನ್, ಏಟ್ಕೆನ್ ಎಂಬವರೊಡನೆ ಕೂಡಿ ೧೮೯೬ರಿಂದ ಅವರು ಪ್ರಕಟಿಸಿದ ಆ ಜಿಲ್ಲೆಯ ಪಾತರಗಿತ್ತಿಗಳ ಲೇಖನಮಾಲೆಯು ಪ್ರಸಿದ್ಧವಾದುದು. ನೀಳಮೀಸೆಯ ದುಂಬಿಗಳನ್ನು ಕುರಿತು ಗಹನ್ ಅವರು ಬರೆದ ಸಂಪುಟವು ಬ್ರಿಟಿಷ್ ಇಂಡಿಯಾದ ಪ್ರಾಣಿಮಾಲೆಯಲ್ಲಿ ೧೯೦೬ರಲ್ಲಿ ಹೊರಬಂದಿತು. ಆ ಗ್ರಂಥದ ಗದ್ಯವು ಮಿತಭಾಷೆಗೆ ಮಾದರಿ: ಕ್ರಿಯಾಪದಗಳು ವಿರಳ, ವಿಶೇಷಣಗಳೆಲ್ಲವೂ ಅಳತೆಗೆ ಒಳಪಟ್ಟವು, ಲೇಖಕನ ಮೆಚ್ಚಿಗೆಗೆ ಅಲ್ಲಿ ಸ್ಥಾನವೇ ಇಲ್ಲ. ಆದರೆ ಚಪ್ಪಟೆಮುಖದ ಉಪಕುಲವು ಆ ಸಂಪುಟದೊಳಗೆ ಸೇರಲಿಲ್ಲ. ಆದಕಾರಣ ಧಾರವಾಡದ ಆಪೂಸು ಮಾವಿನ ತೋಪುಗಳ ಒಡೆಯನಿಗೆ ಎಲ್ಲಕ್ಕೂ ಹೆಚ್ಚು ಬೇಕಾದ ಮಾವಿನ ಕಾಂಡಕೊರಕವು ಅದರಲ್ಲಿ ದೊರೆಯದು. ಸ್ವೀಡನ್ನಿನ ಡೆ ಯೇರ್ ಅವರು ೧೭೭೫ರಲ್ಲಿಯೇ ವರ್ಣಿಸಿದ್ದ ‘ಬ್ಯಾಟೊಸೆರಾ ರೂಫೊಮ್ಯಾಕ್ಯುಲಾಟಾ’ ಎಂಬುದೇ ಈ ಕೊರಕ.

ಕನ್ನಡದಲ್ಲಿ ಶಾಸ್ತ್ರಗದ್ಯವಿಲ್ಲವೆಂದು ಹೇಳುವುದು ಸಾಹಸದ ಮಾತು. ಕೀರ್ತಿವರ್ಮನ ಗೋವೈದ್ಯವೂ ಮಂಗರಾಜನ ಖಗೇಂದ್ರಮಣಿದರ್ಪಣವೂ ಇದ್ದ ನಾಡಿದು. ೧೯೧೮ರಲ್ಲಿ ‘ವಿಜ್ಞಾನ’ವೆಂಬ ಮಾಸಪತ್ರಿಕೆಯು ಬೆಂಗಳೂರಿನಿಂದ ಹೊರಟಿತು. ಆದರೂ ಕೀಟದ ಅಂಗವರ್ಣನೆಯಲ್ಲಿ ನಮ್ಮ ಇಂದಿನ ಗದ್ಯವು ಎರಡು ಹಳ್ಳಗಳ ನಡುವೆ ತಡವರಿಸುತ್ತಿರುವುದು ಕಾಣುತ್ತದೆ.

ಮೊದಲನೆಯದು ಪರಿಭಾಷೆಯ ಹಳ್ಳ. ಮೀಸೆಯನ್ನು ‘ಸ್ಪರ್ಶಾಂಗ’ವೆಂದೊಡನೆ ಶಾಸ್ತ್ರವು ಸಿದ್ಧಿಸಿತೆಂದು ಲೇಖಕನು ಭಾವಿಸುತ್ತಾನೆ. ಆದರೆ ಕೀಟವು ಮೀಸೆಯಿಂದ ಮುಟ್ಟುವುದಲ್ಲದೆ ಮೂಸುವುದೂ ಉಂಟು; ಕಾಲಿನಿಂದಲೂ ಮೈಕೂದಲಿನಿಂದಲೂ ಮುಟ್ಟಿ ತಿಳಿಯುವುದುಂಟು. ಆದುದರಿಂದ ‘ಸ್ಪರ್ಶಾಂಗ’ವು ಅವ್ಯಾಪ್ತಿ, ಅತಿವ್ಯಾಪ್ತಿ ಎರಡಕ್ಕೂ ಗುರಿಯಾದ ಶಬ್ದ. ‘ಕುಡಿಮೀಸೆ’ ಎಂಬ ಬಳಕೆಯ ಮಾತು ಅಂಗದ ರೂಪವನ್ನೂ ಸ್ಥಾನವನ್ನೂ ಹೇಳಿ ಸುಮ್ಮನಾಗುತ್ತದೆ. ಅದೇ ಅದರ ಗುಣ. ಎರಡನೆಯದು ಲಾಲಿತ್ಯದ ಹಳ್ಳ. ದುಂಬಿಯು ಮೀಸೆ ತಿರುವುವ ವೀರನಾಗಿ, ಮರದ ಅರಮನೆಯ ಒಡೆಯನಾಗಿ ಬರುತ್ತದೆ. ಓದುವುದಕ್ಕೆ ಸುಖ, ಆದರೆ ಅದನ್ನು ಓದಿ ಪೆಟ್ಟಿಗೆಯಲ್ಲಿರುವ ಹತ್ತು ದುಂಬಿಗಳಲ್ಲಿ ಒಂದನ್ನು ಎತ್ತಿ ತೋರಿಸಲಾಗದು. ಎತ್ತಿ ತೋರಿಸಲಾಗದ ವರ್ಣನೆಯು ಲಕ್ಷಣವಲ್ಲ.

ಈ ಎರಡನ್ನೂ ಬಿಟ್ಟು ನಡೆಯುವುದು ಸಾಧ್ಯವೇ ಎಂಬುದನ್ನು ಪರೀಕ್ಷಿಸಲು ಮೇಲ್ಕಂಡ ಮಾವಿನ ಕೊರಕದ ವರ್ಣನೆಯೊಂದನ್ನು ಇಲ್ಲಿ ಪ್ರಯತ್ನಿಸಿದೆ:

‘ಮೈ ನೀಳ, ದೃಢ, ಉದ್ದವು ಸುಮಾರು ೩೦ರಿಂದ ೬೦ ಮಿಲಿಮೀಟರು. ಹೊರಚಿಪ್ಪು ಕಂದುಗಪ್ಪು, ಅದರ ಮೇಲೆ ಬೂದುಬಣ್ಣದ ನವಿರು ಒತ್ತಿ ಮಲಗಿರುವುದು. ಮುಖವು ನೆಟ್ಟಗೆ ಕೆಳಗಿಳಿದುದು. ಕುಡಿಮೀಸೆಗೆ ಗೆಣ್ಣು ಹನ್ನೊಂದು. ಗಂಡಿನಲ್ಲಿ ಅದು ಮೈಯನ್ನು ಮೀರುವುದು. ಕೆಳಬದಿಯಲ್ಲಿ ಸಣ್ಣ ಮುಳ್ಳುಗಳು. ಮುಂದೆದೆಯ ಎರಡು ಮಗ್ಗುಲಲ್ಲಿಯೂ ಒಂದೊಂದು ಚೂಪಾದ ಮುಳ್ಳು. ಬೆನ್ನಿನ ನಡುವೆ ಗೋಡಂಬಿಯಂತೆ ಬಾಗಿದ ಎರಡು ಮಚ್ಚೆ. ಮೇಲ್ರೆಕ್ಕೆಗಳು ಎರಡು, ಬೆನ್ನ ನಡುವಿನ ಹೊಲಿಗೆಯಲ್ಲಿ ಕೂಡಿದುವು. ಅವುಗಳ ಬುಡದಲ್ಲಿ ಹೊಳೆಯುವ ಕರಿಯ ಹರಳುಗಳು, ಹೆಗಲಿನಲ್ಲಿ ಒಂದು ಮೊನೆ, ಹಿಂದೆ ಬಿಡಿಬಿಡಿಯಾದ ಮಚ್ಚೆಗಳು. ಕಣ್ಣಿನ ಹಿಂದಿನಿಂದ ಹೊಟ್ಟೆಯವರೆಗೆ ಇಕ್ಕೆಲದಲ್ಲಿಯೂ ಬಿಳಿಯ ಪಟ್ಟೆ.’

ಇದು ನಿರ್ದುಷ್ಟವೆಂದು ನಾನು ಹೇಳೆನು. ಆದರೆ ಇದರಲ್ಲಿ ಬಳಸಿದ ಗೆಣ್ಣು ಕಬ್ಬಿನ ಹೊಲದ್ದು, ಹೊಲಿಗೆ ಸಿಂಪಿಗನದು, ನವಿರು ಹಳಗನ್ನಡದಿಂದ ಬಂದ ಹೆಂಗಸರ ತೋಳಿನದೂ ಕೂಸಿನ ಬೆನ್ನಿನದೂ ಆದ ಮಾತು. ಯಾವುದನ್ನೂ ಹೊಸದಾಗಿ ಕಟ್ಟಲಿಲ್ಲ. ‘ನವಿರು’ ಒಂದೇ ಶಬ್ದವು ಒಂದು ಭ್ರಾಂತಿಯನ್ನು ಪರಿಹರಿಸುವುದನ್ನು ಗಮನಿಸತಕ್ಕದ್ದು. ದುಂಬಿಯು ಬೂದುಬಣ್ಣದ್ದೆಂದು ಬರೆದುಬಿಟ್ಟರೆ, ನವಿರು ಸವೆದುಹೋದ ಮುದಿದುಂಬಿಯನ್ನು ಕಂಡವನು ಅದು ಬೇರೆಯ ಜಾತಿಯೆಂದು ಭ್ರಮಿಸುವನು. ಬೂದು ನವಿರಿನದು, ಕಪ್ಪು ಚಿಪ್ಪಿನದು. ಮಚ್ಚೆಗಳ ಬಣ್ಣವನ್ನು ಬೇಕೆಂದೇ ಹೇಳದೆ ಬಿಟ್ಟೆನು. ಶಾಸ್ತ್ರನಾಮವು ಕೆಂಪು ಮಚ್ಚೆಯದೆಂದು ಸಾರಿದರೂ, ಕಿತ್ತಳೆಯಿಂದ ಹಳದಿಯವರೆಗೆ ಬಣ್ಣವು ಬದಲಾಗುವುದು. ಕಪಿಲವರ್ಣದ ಹಸುವಿನ ಕಥೆಯೇ ಇಲ್ಲಿಯೂ.

ಇಲ್ಲಿ ಒಂದು ಆಕ್ಷೇಪವು ಬರಬಹುದು. ಬಾಗಿದ ಮಚ್ಚೆಗೆ ಗೋಡಂಬಿಯನ್ನು ತಂದುದು ಉಪಮೆಯಲ್ಲವೆ? ತೊಡವಿಲ್ಲದ ಮಾತನ್ನು ಹೊಗಳಿ ತಾನೇ ತೊಡವನ್ನಿಟ್ಟಂತಾಗಲಿಲ್ಲವೆ? ಸಮಾಧಾನವೇನೆಂದರೆ, ಕಾವ್ಯದ ಉಪಮೆಯು ಉಪಮೇಯದ ಹಿರಿಮೆಗಾಗಿ; ಶಾಸ್ತ್ರದ ಉಪಮೆಯು ಅಳತೆಗೋಲು. ಗೋಡಂಬಿಯನ್ನು ಯಾರಾದರೂ ಕೈಯಲ್ಲಿ ಹಿಡಿದು ಮಚ್ಚೆಯ ಬಳಿಯಿಟ್ಟು ನೋಡಬಹುದು. ಒಪ್ಪದಿದ್ದರೆ ಲೇಖಕನನ್ನು ತಪ್ಪುಗಾರನೆನ್ನಬಹುದು. ಹೀಗೆ ತಪ್ಪೆಂದು ತೋರಿಸಲು ಎಡೆಗೊಡುವ ಉಪಮೆಯೇ ಶಾಸ್ತ್ರಕ್ಕೆ ಸಲ್ಲುವುದು.

ತಪ್ಪನ್ನು ತೋರಿಸುವುದಕ್ಕೆ ಕೊನೆಯ ಸಾಕ್ಷಿಯು ಮಾದರಿಯ ದುಂಬಿಯೇ. ಜಾತಿಯ ಹೆಸರು ವರ್ಣನೆಯ ವಾಕ್ಯಗಳಿಗಲ್ಲ, ಭಾಂಡಾರದಲ್ಲಿ ಸೂಜಿಗೆ ಚುಚ್ಚಿಟ್ಟ ಆ ಒಂದು ದೇಹಕ್ಕೆ ಕಟ್ಟುಬಿದ್ದಿರುತ್ತದೆ. ವರ್ಣನೆಯಲ್ಲಿ ಸಂಶಯ ಬಂದರೆ ಅಲ್ಲಿಗೆ ಹೋಗಿ ನೋಡಬೇಕು. ಗ್ರಂಥಸಂಪಾದಕನಿಗೆ ಓಲೆಗರಿಯ ಪ್ರತಿಯು ಹೇಗೋ ಹಾಗೆ. ಆದರೆ ನಮ್ಮ ಸಂಪಾದಕರಿಗೆ ಕವಿಯ ಸ್ವಹಸ್ತದ ಪ್ರತಿಯು ದೊರೆಯುವುದು ದುರ್ಲಭ. ಕೀಟಶಾಸ್ತ್ರಜ್ಞನ ಮೂಲಪ್ರತಿಯನ್ನು ಪ್ರಕೃತಿಯೇ ಬರೆದುಕೊಟ್ಟಿದೆ. ಅದನ್ನು ತಪ್ಪಾಗಿ ಓದಿದರೆ ಲಿಪಿಕಾರನನ್ನು ದೂರುವಂತಿಲ್ಲ.

ಇಷ್ಟೆಲ್ಲ ಶ್ರಮವು ಯಾರಿಗಾಗಿ, ಹೊಸ ಜಾತಿಗಳ ವರ್ಣನೆಯನ್ನು ಜಗತ್ತು ಇಂಗ್ಲಿಷಿನಲ್ಲಿ ಓದುತ್ತದಲ್ಲವೆ, ಎಂದು ಕೇಳುವವರಿದ್ದಾರೆ. ಅವರಿಗೆ ಉತ್ತರವು ಆ ಶಾಸ್ತ್ರದ ನಿಯಮಾವಳಿಯಲ್ಲಿಯೇ ಇದೆ. ೨೦೦೦ನೆಯ ಇಸವಿಯ ಜನವರಿ ೧ರಿಂದ ಜಾರಿಗೆ ಬಂದ ಅದರ ನಾಲ್ಕನೆಯ ಆವೃತ್ತಿಯು, ಹೊಸ ಪ್ರಾಣಿಯ ಲಕ್ಷಣವನ್ನು ಪ್ರಾಣಿಶಾಸ್ತ್ರದಲ್ಲಿ ಬಹುಪ್ರಚಾರವುಳ್ಳ ಭಾಷೆಗಳಲ್ಲಿ ಪ್ರಕಟಿಸಬೇಕೆಂದು ಹೇಳಿ, ಅದರೊಡನೆಯೇ ಆ ಪ್ರಾಣಿಗೆ ಸಂಬಂಧಿಸಿದ ಪ್ರದೇಶದ ಭಾಷೆಗಳಲ್ಲಿಯೂ ಕೊಡಬೇಕೆಂದು ಶಿಫಾರಸು ಮಾಡಿದೆ. ಇದು ಕಡ್ಡಾಯವಲ್ಲ, ಸಲಹೆ ಮಾತ್ರ. ಆದರೆ ಬಾಗಿಲು ತೆರೆದಿರುವುದು ನಿಶ್ಚಯ. ಸಹ್ಯಾದ್ರಿಯಲ್ಲಿ ದೊರೆತ ದುಂಬಿಗೆ ಕನ್ನಡದಲ್ಲಿ ಲಕ್ಷಣ ಬರೆಯಲು ಅಡ್ಡಿಯಿರುವುದು ಶಾಸ್ತ್ರದಿಂದಲ್ಲ, ನಮ್ಮ ಅಭ್ಯಾಸದಿಂದ.

ಈ ಅಭ್ಯಾಸವನ್ನು ಬಿಡಿಸುವ ಹೊಣೆಯು ವಿಜ್ಞಾನಿಗಳದಷ್ಟೇ ಅಲ್ಲ, ಸಾಹಿತ್ಯದ ಉಪಾಧ್ಯಾಯರದೂ ಅಹುದು. ಪದ್ಯದಲ್ಲಿ ಅಲಂಕಾರವನ್ನು ಗುರುತಿಸಲು ಕಲಿಸುವ ನಾವು, ಒಂದು ಗರಿಯನ್ನೋ ದುಂಬಿಯನ್ನೋ ಮೇಜಿನ ಮೇಲಿಟ್ಟು ಅಲಂಕಾರವಿಲ್ಲದೆ ಹತ್ತು ವಾಕ್ಯ ಬರೆಯಿರೆಂದು ವಿದ್ಯಾರ್ಥಿಗಳಿಗೆ ಹೇಳಿದುದು ಅಪೂರ್ವ. ಹಾಗೆ ಬರೆದುದನ್ನು ಮಾವಿನ ತೋಪಿನ ರೈತನಿಗೆ ಓದಿ ಹೇಳಿಸಬೇಕು. ಆತನು ಕೇಳಿ, ತನ್ನ ಮರದ ದುಂಬಿಯನ್ನು ಹಿಡಿದುತಂದು ‘ಇದೇ ಹೌದು’ ಎಂದರೆ ಆ ಗದ್ಯವು ಪರೀಕ್ಷೆಯಲ್ಲಿ ಗೆದ್ದಿತು. ಬೇರೊಂದನ್ನು ತಂದರೆ ವಾಕ್ಯವನ್ನು ತಿದ್ದಬೇಕು. ಹುಳುವು ಮರದಲ್ಲಿ ಬರೆದ ಅಕ್ಷರಕ್ಕೆ ಅರ್ಥದ ಹೊಣೆಯಿಲ್ಲ. ಹುಳುವನ್ನು ಕುರಿತು ನಾವು ಬರೆಯುವ ಅಕ್ಷರಕ್ಕೆ ಉಂಟು.