ಬಿಸಿನೀರು ಬಂದರೆ ಸಾಲದು

ಗ್ಯಾಸ್ ಗೀಸರ್ ಕೂರಿಸಿದ ಮೇಲೆ ನಮ್ಮಲ್ಲಿ ಸಾಮಾನ್ಯವಾಗಿ ನಡೆಯುವುದು ಎರಡೇ ಪರೀಕ್ಷೆ. ಪೈಪಿನ ಜೋಡಣೆಗೆ ಸೋಪಿನ ನೊರೆ ಹಚ್ಚಿ ಗುಳ್ಳೆ ಏಳುತ್ತದೆಯೇ ಎಂದು ನೋಡುತ್ತಾರೆ. ನಲ್ಲಿ ತಿರುಗಿಸಿ ನೀರು ಕಾಯ್ದಿದೆಯೇ ಎಂದು ನೋಡುತ್ತಾರೆ. ಉರಿದ ಅನಿಲ ಎಲ್ಲಿಗೆ ಹೋಯಿತು ಎಂದು ಕೇಳುವವರು ಕಡಿಮೆ. ಸೋರಿದ ಎಲ್‌ಪಿಜಿಯನ್ನು ಮೂಗು ಹಿಡಿಯುತ್ತದೆ, ಅದಕ್ಕೆಂದೇ ವಾಸನೆ ಬೆರೆಸಿರುತ್ತಾರೆ. ಗಾಳಿ ಸಾಲದೆ ಅರೆಬರೆ ಉರಿದಾಗ ಹುಟ್ಟುವ ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ರಕ್ತದ ಹಿಮೋಗ್ಲೋಬಿನ್‌ಗೆ ಅದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಅಂಟುತ್ತದೆ.

ಬ್ರಿಟನ್ನಿನ ಪದ್ಧತಿ ಈ ಪ್ರಶ್ನೆಯನ್ನು ನೇರವಾಗಿ ಕೇಳುತ್ತದೆ. ಅಲ್ಲಿನ 1998ರ ಅನಿಲ ಸುರಕ್ಷತಾ ನಿಯಮಗಳ ಪ್ರಕಾರ, ಉಪಕರಣದ ಕೆಲಸ ಮುಗಿಸಿದವರು ಹೊಗೆ ಕೊಳವೆಯನ್ನೂ ಗಾಳಿಯ ಪೂರೈಕೆಯನ್ನೂ ಪರಿಶೀಲಿಸಲೇಬೇಕು. ಮೊದಲು ಹೊಗೆಗುಳಿಗೆ ಹೊತ್ತಿಸಿ ಕೊಳವೆ ಎಳೆಯುತ್ತದೆಯೇ ಎಂದು ನೋಡುತ್ತಾರೆ. ಆಮೇಲೆ ಕಿಟಕಿ ಬಾಗಿಲು ಮುಚ್ಚಿ, ಎಕ್ಸಾಸ್ಟ್ ಫ್ಯಾನ್ ಹಾಕಿ, ಉಪಕರಣ ಕೆಲ ನಿಮಿಷ ಉರಿದ ಮೇಲೆ ಕೊಳವೆಯ ಬುಡದ ತೆರಪಿಗೆ ಹೊಗೆಕಡ್ಡಿ ಹಿಡಿಯುತ್ತಾರೆ. ಹೊಗೆ ಕೊಳವೆಯೊಳಕ್ಕೆ ಹೋದರೆ ಸರಿ. ಕೋಣೆಗೆ ಮರಳಿದರೆ ಉಪಕರಣ ಬಳಸುವಂತಿಲ್ಲ.

ಈ ಪರೀಕ್ಷೆಯ ನಿಜವಾದ ಹಿರಿಮೆ ಆ ಫ್ಯಾನಿನಲ್ಲಿದೆ. ಮುಚ್ಚಿದ ಕೋಣೆಯ ಫ್ಯಾನು ಗಾಳಿ ಹೊರಹಾಕುತ್ತಿದ್ದಂತೆ, ಕೊಳವೆಯ ಹೊಗೆಯನ್ನೇ ಕೆಳಗೆಳೆದುಕೊಳ್ಳಬಹುದು. ಫ್ಯಾನಿದೆ, ಭಯವಿಲ್ಲ ಎನ್ನುವ ನಮ್ಮ ನಂಬಿಕೆಯನ್ನು ಅದು ಅಲ್ಲಾಡಿಸುತ್ತದೆ. ಮನೆಯವರು ಚಳಿಗೆ ಕಿಟಕಿ ಮುಚ್ಚುತ್ತಾರೆ ಎಂದು ಮೊದಲೇ ಎಣಿಸಿ, ಅತಿ ಕೆಟ್ಟ ಸ್ಥಿತಿಯಲ್ಲೇ ಪರೀಕ್ಷಿಸುವುದು ಒಳ್ಳೆಯ ಎಂಜಿನಿಯರಿಂಗ್.

ಅದಕ್ಕೂ ಮಿತಿಯಿದೆ. ಇಂದು ಪಾಸಾದ ಕೊಳವೆಯಲ್ಲಿ ನಾಳೆ ಹಕ್ಕಿ ಗೂಡು ಕಟ್ಟಬಹುದು, ಗಾಳಿಯ ದಿಕ್ಕು ಬದಲಾಗಬಹುದು. ಅದಕ್ಕೇ ಬ್ರಿಟನ್ನಿನ ಬಾಡಿಗೆ ಮನೆಗಳಲ್ಲಿ ವರ್ಷಕ್ಕೊಮ್ಮೆ ತಪಾಸಣೆ ಕಡ್ಡಾಯ. ಕೋಣೆಯ ಗಾಳಿಯನ್ನೇ ಬಳಸುವ ಹೊಸ ಗ್ಯಾಸ್ ಗೀಸರನ್ನು ಅಲ್ಲಿ ಬಚ್ಚಲಮನೆಗೆ ಹಾಕುವಂತೆಯೇ ಇಲ್ಲ.

ನಮ್ಮ ಎಷ್ಟೋ ಪುಟ್ಟ ಗೀಸರುಗಳಿಗೆ ಪರೀಕ್ಷಿಸಲು ಹೊಗೆ ಕೊಳವೆಯೇ ಇಲ್ಲ. ಉರಿದದ್ದೆಲ್ಲ ಸ್ನಾನ ಮಾಡುವವರ ತಲೆಯ ಮೇಲೇ ಬಿಡುಗಡೆಯಾಗುತ್ತದೆ. ಅಂಥದ್ದನ್ನು ಬಚ್ಚಲಿನ ಹೊರಗೆ, ಗಾಳಿಯಾಡುವ ಬಯಲಿನಲ್ಲಿ ಹಾಕಿಸಿ, ಬಿಸಿನೀರಿನ ಪೈಪನ್ನಷ್ಟೇ ಒಳಗೆ ತರಬೇಕು. ಕೊಳವೆ ಇರುವ ಗೀಸರಾದರೆ, ಕಿಟಕಿ ಮುಚ್ಚಿ ಹೊಗೆ ಪರೀಕ್ಷೆ ಮಾಡಿ ತೋರಿಸುವವರೆಗೆ ಫಿಟ್ಟಿಂಗ್ ಮುಗಿಯಿತೆಂದು ಒಪ್ಪಲೇಬಾರದು.