ತೂಕಕ್ಕೆ ಸಿಗದ ದೂಳು

ಗಾಳಿಯ ದೂಳನ್ನು ಅಳೆಯಲು ನಮ್ಮಲ್ಲಿ ಬಹುಕಾಲದಿಂದ ರೂಢಿಯಲ್ಲಿರುವುದು ತೂಕದ ವಿಧಾನ. ಯಂತ್ರ ನಿಮಿಷಕ್ಕೆ ಸುಮಾರು 1.1 ಘನ ಮೀಟರ್ ಗಾಳಿ ಎಳೆದು ಗಾಜಿನ ನಾರಿನ ಬಿಳಿ ಹಾಳೆಯಲ್ಲಿ ಸೋಸುತ್ತದೆ. ತೇವ ತೆಗೆದು ಮೊದಲೇ ತೂಗಿಟ್ಟ ಹಾಳೆಯನ್ನು ಮತ್ತೆ ತೂಗುತ್ತಾರೆ. ಪಿಎಂ10ರ, ಅಂದರೆ 10 ಮೈಕ್ರಾನ್‌ವರೆಗಿನ ಕಣಗಳ, ದಿನದ ಮಿತಿ ಘನ ಮೀಟರಿಗೆ 100 ಮೈಕ್ರೊಗ್ರಾಂ. ಮಿತಿ ಮುಟ್ಟಿದ ದಿನವೂ 24 ಗಂಟೆಯಲ್ಲಿ ಹಾಳೆಗೆ ಅಂಟುವುದು ಗ್ರಾಮಿನ ಆರನೇ ಒಂದು ಪಾಲು. ಅಷ್ಟನ್ನು ತಪ್ಪದೆ ತೂಗುವ ಶಿಸ್ತು ಈ ವಿಧಾನದ ಹೆಚ್ಚುಗಾರಿಕೆ. ಯಾವ ಊರಿನ ಅಂಕಿಯನ್ನಾದರೂ ಇನ್ನೊಂದರ ಪಕ್ಕ ಇಟ್ಟು ನೋಡಬಹುದು.

ಬಳ್ಳಾರಿ ಜಿಲ್ಲೆಗೆ ಮಾತ್ರ ಇದಿಷ್ಟೇ ಸಾಲದು. ನಗರದ ಸುತ್ತ ಅದಿರು ಲಾರಿ, ಸ್ಪಾಂಜ್ ಐರನ್ ಕಾರ್ಖಾನೆ; ಕುಡಿತಿನಿಯಲ್ಲಿ ಕಲ್ಲಿದ್ದಲು ಉರಿಸುವ ವಿದ್ಯುತ್ ಸ್ಥಾವರ. ಸಿರುಗುಪ್ಪ ಭತ್ತದ ಸೀಮೆ: ರೈಸ್ ಮಿಲ್ಲಿನ ಹೊಟ್ಟು, ಬೂದಿ, ಹುಲ್ಲು ಸುಟ್ಟರೆ ಹೊಗೆ. ಕುರುಗೋಡು ಕಲ್ಲುಬೆಟ್ಟಗಳ ಊರು. ಗ್ರಾನೈಟ್ ಒಡೆದಲ್ಲಿ ಏಳುವುದು ಸಿಲಿಕಾ, ವರ್ಷಗಟ್ಟಲೆ ಉಸಿರಾಡಿದವರ ಶ್ವಾಸಕೋಶ ಕೆಡಿಸುವ ಪುಡಿ. ಮೂರೂ ಕಡೆ 100 ಬಂದರೆ ತಕ್ಕಡಿಗೆ ಮೂರೂ ಒಂದೇ. ಗಾತ್ರದ ಲೆಕ್ಕವೂ ಹೀಗೆಯೇ ಮರೆಯಾಗುತ್ತದೆ: 10 ಮೈಕ್ರಾನಿನ ಒಂದೇ ಒಂದು ಕಣದ ತೂಕಕ್ಕೆ ಅದೇ ಸಾಂದ್ರತೆಯ 0.1 ಮೈಕ್ರಾನಿನ ಹತ್ತು ಲಕ್ಷ ಕಣ ಸಮ. ದಪ್ಪನೆಯದು ಹೆಚ್ಚಾಗಿ ಮೂಗು, ಗಂಟಲಲ್ಲೇ ನಿಲ್ಲುತ್ತದೆ. ಸಣ್ಣದು ಶ್ವಾಸಕೋಶದ ತಳಕ್ಕಿಳಿಯುತ್ತದೆ. ಪಿಎಂ2.5 ಬೇರೆಯಾಗಿ ಅಳೆದರೆ ಗಾತ್ರದ ಕೊರತೆ ತಗ್ಗೀತು, ಗುಣ ಅಲ್ಲೂ ಕಾಣದು.

ಭೌತವಿಜ್ಞಾನದ ಇನ್ನೊಂದು ಕವಲು ದೂಳನ್ನು ಹೇಗೆ ನಡೆಸಿಕೊಂಡಿತು ನೋಡಿ. ಪ್ಲಾಸ್ಮಾದಲ್ಲಿ, ಅಂದರೆ ಅಯಾನುಗಳಾಗಿ ಒಡೆದ ಅನಿಲದಲ್ಲಿ ತೇಲುವ, ವಿದ್ಯುದಾವೇಶ ಹೊತ್ತ ದೂಳಿನಲ್ಲಿ ಶಬ್ದದಂಥ ಅಲೆ ಸಾಗಬಲ್ಲದೆಂದು ಎನ್. ಎನ್. ರಾವ್, ಪಿ. ಕೆ. ಶುಕ್ಲಾ, ಎಂ. ವೈ. ಯು 1990ರಲ್ಲಿ ಲೆಕ್ಕ ಹಾಕಿ ತೋರಿಸಿದರು. ಅಯೋವಾ ವಿಶ್ವವಿದ್ಯಾಲಯದ ಬರ್ಕನ್, ಮೆರ್ಲಿನೊ, ಡಿ'ಆಂಜೆಲೊ 1995ರಲ್ಲಿ ಕೇಯೊಲಿನ್ ಪುಡಿ ಬಳಸಿ ಆ ಅಲೆಯನ್ನು ಕಂಡರು; ವೇಗ ಸೆಕೆಂಡಿಗೆ ಸುಮಾರು 9 ಸೆಂ.ಮೀ. ಕಣದ ದ್ರವ್ಯರಾಶಿ, ಆವೇಶ ತಿಳಿಯದೆ ಆ ವೇಗವನ್ನು ವಿವರಿಸಲಾಗದು. ಅಲ್ಲಿ ಮೊದಲ ಪ್ರಶ್ನೆಯೇ 'ಎಂಥ ಕಣ?' ಜನ ಉಸಿರಾಡುವ ದೂಳಿಗೆ ಆ ಪ್ರಶ್ನೆ ಕೊನೆಯದಾಗಿದೆ.

ಇದರ ಪರಿಣಾಮ ಕಾಗದಕ್ಕಷ್ಟೇ ಅಲ್ಲ. 2019ರ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮಕ್ಕೆ, ಮುಖ್ಯವಾಗಿ ಇಂಥ ತೂಕದ ಅಂಕಿ ನೋಡಿಯೇ, ರಾಜ್ಯದಿಂದ ಸೇರಿದ್ದು ಬೆಂಗಳೂರು, ದಾವಣಗೆರೆ, ಹುಬ್ಬಳ್ಳಿ-ಧಾರವಾಡ, ಕಲಬುರಗಿ. ಬಳ್ಳಾರಿ ಆ ಪಟ್ಟಿಯಲ್ಲಿರಲಿಲ್ಲ. ವಾರಕ್ಕೆರಡು ದಿನದಂತೆ ವರ್ಷಕ್ಕೆ 104 ಅಳತೆಯ ಸರಾಸರಿ ತೆಗೆದರೆ, ಕೆಲವೇ ದಿನ ಕವಿಯುವ ಹುಲ್ಲಿನ ಹೊಗೆ ಅದರೊಳಗೇ ಕರಗಿಹೋಗುತ್ತದೆ.

ತಕ್ಕಡಿಯನ್ನು ಬಿಸಾಡಬೇಕಿಲ್ಲ, ತೂಗಿದ ಮೇಲೂ ಕೆಲಸವಿದೆ. ಅದೇ ಹಾಳೆಯ ತುಂಡನ್ನು ಎಕ್ಸ್-ರೇ ವಿಶ್ಲೇಷಣೆಗೆ ಒಡ್ಡಿದರೆ ಕಬ್ಬಿಣದ ಪಾಲು ಹೊರಬೀಳುತ್ತದೆ. ಕುರುಗೋಡಿನ ಕಲ್ಲುಪುಡಿಗೆ ಗಾಜಿನ ನಾರು ಒಗ್ಗದು, ಅದೇ ಸಿಲಿಕಾದಿಂದಾದದ್ದು. ಟೆಫ್ಲಾನ್ ಹಾಳೆ ಬೇಕು. ಬರೀ ತೂಕ ಕೈಯಲ್ಲಿದ್ದರೆ ರಸ್ತೆಗೆ ನೀರು ಚಿಮುಕಿಸುವುದೊಂದೇ ಉಪಾಯವಾಗಿ ತೋರುತ್ತದೆ. ಗುಣ ತಿಳಿದರೆ ಲಾರಿಗೆ ಟಾರ್ಪಾಲು ಬಿಗಿಸುವುದೋ, ಕಾರ್ಖಾನೆಯ ಚಿಮಣಿ ತಪಾಸಣೆಯೋ, ಹುಲ್ಲಿಗೆ ಬೇರೆ ದಾರಿಯೋ ಎಂಬುದು ಗೊತ್ತಾಗುತ್ತದೆ, ಯಾರನ್ನು ಕೇಳಬೇಕೆಂಬುದೂ.